ಬೀಜ ಯಾರ ಸ್ವತ್ತು?

(ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ. ಪುನರುಕ್ತಿಗಳನ್ನು ಬಿಟ್ಟು ಇಲ್ಲಿ ಕೊಡಲಾಗಿದೆ. — ಸಂ.)



ಗಿರಣಿಯಲ್ಲಿ ದುಡಿಯುವವರು, ಕಿರಾಣಿ ಅಂಗಡಿ ನಡೆಸುವವರು ಸೇರಿದ ಸಭೆಯಲ್ಲಿ ಬೀಜದ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಬೀಜ ರೈತನ ವಿಷಯ, ಅದನ್ನು ರೈತರ ಸಭೆಯಲ್ಲಿ ಚರ್ಚಿಸಲಿ ಎಂದೂ ಅನ್ನಿಸಬಹುದು. ಆದರೆ ಗಿರಣಿಯ ಕದಿರಿಗೆ ಬರುವ ಅರಳೆ ಆ ಬೀಜದಿಂದಲೇ ಬರುತ್ತದೆ. ಅರಳೆ ತೆಗೆದ ಮೇಲೆ ಉಳಿಯುವ ಹತ್ತಿಕಾಳಿನಿಂದ ಎಣ್ಣೆ ಬರುತ್ತದೆ, ಹಿಂಡಿ ಬರುತ್ತದೆ. ಎಣ್ಣೆ ಅಂಗಡಿಗೆ ಬಂದು ಅಲ್ಲಿಂದ ಅಡಿಗೆಮನೆಗೆ ಹೋಗುತ್ತದೆ. ಹಿಂಡಿಯನ್ನು ಎಮ್ಮೆ ತಿನ್ನುತ್ತದೆ. ಎಮ್ಮೆಯ ಹಾಲು ನಮ್ಮ ಚಹಕ್ಕೆ ಬರುತ್ತದೆ. ಹೊಲ, ಗಿರಣಿ, ಅಂಗಡಿ, ಮನೆ ಈ ನಾಲ್ಕನ್ನೂ ಕಟ್ಟಿರುವ ದಾರ ಒಂದೇ. ಆ ದಾರದ ತುದಿ ಯಾರ ಕೈಯಲ್ಲಿದೆ ಎಂಬುದೇ ಇಂದಿನ ಪ್ರಶ್ನೆ.

ಕುಲಾಂತರಿ ಬೆಳೆ ಒಳ್ಳೆಯದೋ ಕೆಟ್ಟದ್ದೋ ಎಂದು ಪತ್ರಿಕೆಗಳಲ್ಲಿ ವಾದ ನಡೆಯುತ್ತಲೇ ಇದೆ. ಒಬ್ಬರು ಅದನ್ನು ಅಮೃತ ಎನ್ನುತ್ತಾರೆ, ಇನ್ನೊಬ್ಬರು ವಿಷ ಎನ್ನುತ್ತಾರೆ. ಈ ಗದ್ದಲದಲ್ಲಿ ಎರಡು ಸರಳ ಪ್ರಶ್ನೆಗಳು ಮುಳುಗಿಹೋಗಿವೆ. ಬೀಜದ ಒಡೆಯ ಯಾರು? ಉಣ್ಣುವವನಿಗೆ ತಾನು ಏನು ಉಣ್ಣುತ್ತಿದ್ದೇನೆಂದು ತಿಳಿಯುವ ಹಕ್ಕು ಇದೆಯೆ, ಇಲ್ಲವೆ? ನಾನು ಈ ಎರಡನ್ನೇ ಹಿಡಿದು ಮಾತಾಡುತ್ತೇನೆ.

ಕುಲಾಂತರಿ ಎಂದರೇನು?

ಮೊದಲು ಶಬ್ದದ ಅರ್ಥ ತಿಳಿಯೋಣ. ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ತೆಗೆದಿಡುವುದು ಸಾವಿರಾರು ವರ್ಷಗಳಿಂದ ರೈತ ಮಾಡಿಕೊಂಡು ಬಂದ ಕೆಲಸ. ಹತ್ತಿಗೆ ಹತ್ತಿಯನ್ನೇ ಕೂಡಿಸಿ ಹೈಬ್ರಿಡ್ ತಳಿ ಮಾಡುವುದು ಕಳೆದ ಶತಮಾನದ ವಿದ್ಯೆ. ಕುಲಾಂತರಿ ಇವೆರಡಕ್ಕಿಂತ ಬೇರೆ. ಬೇರೊಂದು ಕುಲದ ಜೀವಿಯಿಂದ ಒಂದು ಗುಣವನ್ನು ಹೊರುವ ವಂಶವಾಹಿಯನ್ನು, ಅಂದರೆ ಜೀನನ್ನು, ತೆಗೆದು ಗಿಡದೊಳಕ್ಕೆ ಸೇರಿಸುತ್ತಾರೆ. ಮಣ್ಣಿನಲ್ಲಿ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಾಣು ಇದೆ. ಅದನ್ನೇ ಚಿಕ್ಕದಾಗಿ ಬಿಟಿ ಎನ್ನುವುದು. ಅದು ತಯಾರಿಸುವ ಒಂದು ಪ್ರೋಟೀನು ಕೆಲವು ಜಾತಿಯ ಹುಳುಗಳ ಕರುಳನ್ನು ಕೆಡಿಸುತ್ತದೆ. ಆ ಜೀನನ್ನು ಹತ್ತಿಗೆ ಸೇರಿಸಿದರೆ ಗಿಡವೇ ಆ ಪ್ರೋಟೀನನ್ನು ಮಾಡಿಕೊಳ್ಳುತ್ತದೆ; ಕಾಯಿಕೊರಕ ಹುಳು ಅದನ್ನು ತಿಂದು ಸಾಯುತ್ತದೆ. ಇದೇ ಬಿಟಿ ಹತ್ತಿ.

ಇದು ವಿಜ್ಞಾನ. ವಿಜ್ಞಾನದ ಮೇಲೆ ನಮಗೆ ಹಗೆ ಇಲ್ಲ. ಕೈಮಗ್ಗದ ಕಾಲಕ್ಕೇ ಹಿಂತಿರುಗಿ ಎಂದು ಗಿರಣಿ ಕಾರ್ಮಿಕರಿಗೆ ಯಾರೂ ಹೇಳಲಾರರು. ಯಂತ್ರ ಯಾರಿಗಾಗಿ ತಿರುಗುತ್ತದೆ, ಅದರ ಲಾಭ ಯಾರ ಪೆಟ್ಟಿಗೆಗೆ ಬೀಳುತ್ತದೆ ಎಂದು ನೀವು ಗಿರಣಿಯಲ್ಲಿ ಕೇಳುತ್ತ ಬಂದಿದ್ದೀರಿ. ಹೊಲದ ಬೀಜದ ಬಗೆಗೂ ಅದೇ ಪ್ರಶ್ನೆಯನ್ನು ಕೇಳಬೇಕು, ಅಷ್ಟೆ.

ನಮ್ಮ ಹತ್ತಿಯ ಕಥೆ

ನಮ್ಮ ಕಡೆಯ ಒಣಭೂಮಿಯಲ್ಲಿ ಹಿಂದೆ ಜಯಧರ ಹತ್ತಿ ಬಿತ್ತುತ್ತಿದ್ದರು. ಬೆಳೆದ ಹತ್ತಿಯ ಬೀಜವನ್ನೇ ಮರುವರ್ಷ ಕೂರಿಗೆಗೆ ಹಾಕಬಹುದಿತ್ತು. ಮುಂದೆ 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ತಯಾರಿಸಿದರು. 1981ರಲ್ಲಿ ಡಿಸಿಎಚ್-32 ಎಂಬ ಜಯಲಕ್ಷ್ಮಿ ಬಂತು. ಉದ್ದ ಎಳೆಯ ಅರಳೆ ನಮ್ಮ ಗಿರಣಿಗಳಿಗೆ ಇಲ್ಲೇ ಸಿಗತೊಡಗಿತು. ಇವು ಖಾಸಗಿ ಕಂಪನಿಯ ಸಾಧನೆಗಳಲ್ಲ. ಜನರ ತೆರಿಗೆಯ ಹಣದಿಂದ ನಡೆಯುವ ಸಂಶೋಧನಾ ಕ್ಷೇತ್ರದಲ್ಲಿ, ಸಂಬಳಕ್ಕೆ ದುಡಿದ ವಿಜ್ಞಾನಿಗಳು ಮಾಡಿದ ಕೆಲಸ. ಆದರೆ ಹೈಬ್ರಿಡ್ ಬೀಜಕ್ಕೆ ಒಂದು ಸ್ವಭಾವವಿದೆ. ಅದರ ಬೆಳೆಯಿಂದ ತೆಗೆದ ಬೀಜವನ್ನು ಮತ್ತೆ ಬಿತ್ತಿದರೆ ಮೊದಲಿನ ಇಳುವರಿ ಬಾರದು. ಪ್ರತಿವರ್ಷ ಹೊಸ ಬೀಜ ಕೊಳ್ಳಲೇಬೇಕು. ಬೀಜ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿದ್ದಾಗ ಈ ಕಟ್ಟು ಅಷ್ಟು ಬಿಗಿಯಾಗಿ ತೋರಲಿಲ್ಲ. ಅದು ಕಂಪನಿಗಳ ಕೈಗೆ ಹೋದ ಮೇಲೆ ಕುಣಿಕೆಯಾಯಿತು.

2002ರ ಮಾರ್ಚ್ 26ರಂದು ಭಾರತ ಸರ್ಕಾರ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿತು. ಅಮೆರಿಕದ ಮಾನ್ಸಾಂಟೊ ಕಂಪನಿಯ ಜೀನು, ನಮ್ಮ ದೇಶದ ಮಹಿಕೋ ಕಂಪನಿಯ ಹೈಬ್ರಿಡ್. ಸತ್ಯವನ್ನು ಮುಚ್ಚಿಡಬಾರದು, ರೈತರು ಅದನ್ನು ಇಷ್ಟಪಟ್ಟರು. ಸರ್ಕಾರ ಒಪ್ಪುವ ಮುಂಚೆಯೇ, 2001ರಲ್ಲಿ, ಗುಜರಾತಿನ ಹೊಲಗಳಲ್ಲಿ ಅನುಮತಿಯಿಲ್ಲದ ಬಿಟಿ ಹತ್ತಿ ಬೆಳೆದುನಿಂತಿತ್ತು. ಮೊದಲ ಕೆಲವು ವರ್ಷ ಕಾಯಿಕೊರಕಕ್ಕೆ ಹೊಡೆಯುವ ಔಷಧಿಯ ಖರ್ಚು ಇಳಿಯಿತು. 2002-03ರ ಬರಗಾಲದಲ್ಲಿ ಸುಮಾರು 136 ಲಕ್ಷ ಬೇಲು ಇದ್ದ ದೇಶದ ಹತ್ತಿ ಉತ್ಪನ್ನ 2013-14ರಲ್ಲಿ ಸುಮಾರು 398 ಲಕ್ಷ ಬೇಲಿಗೆ ಏರಿತು. ಗುಜರಾತಿನ ನೀರಾವರಿ, ಹೆಚ್ಚಿದ ಗೊಬ್ಬರ, ಹೆಚ್ಚಿದ ಬಿತ್ತನೆ ಪ್ರದೇಶ ಇವೂ ಅದಕ್ಕೆ ಕಾರಣ. ಎಲ್ಲ ಕೀರ್ತಿಯೂ ಒಂದು ಜೀನಿಗೆ ಸಲ್ಲದು. ಆದರೆ ಅದಕ್ಕೆ ಏನೂ ಸಲ್ಲದು ಎಂದರೆ ಅದೂ ಸುಳ್ಳು.

ಈಗ ಕಥೆಯ ಉತ್ತರಾರ್ಧ ಕೇಳಿ. ಹುಳುವಿಗೂ ಬದುಕುವ ಹಟವಿದೆ. 2009ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿಟಿ ಹತ್ತಿಯನ್ನು ಅರಗಿಸಿಕೊಳ್ಳಲು ಕಲಿತಿತು. ಕಂಪನಿಯೇ ಇದನ್ನು ಒಪ್ಪಿಕೊಂಡು, ಎರಡು ಜೀನುಗಳಿರುವ ತನ್ನ ಎರಡನೆಯ ಬೀಜವನ್ನು ಬಿತ್ತಿರಿ ಎಂದಿತು. ಕೆಲವೇ ವರ್ಷಗಳಲ್ಲಿ ಹುಳು ಅದನ್ನೂ ಗೆದ್ದಿತು. ಮತ್ತೆ ಔಷಧಿಯ ಡಬ್ಬಿಗಳು ಹೊಲಕ್ಕೆ ಬಂದವು. ದೇಶದ ಹತ್ತಿ ಉತ್ಪನ್ನ 2024-25ರಲ್ಲಿ ಸುಮಾರು 300 ಲಕ್ಷ ಬೇಲಿನ ಮಟ್ಟಕ್ಕೆ ಇಳಿಯಿತು. 2025ರ ಆಗಸ್ಟಿನಲ್ಲಿ ಸರ್ಕಾರ ಹೊರದೇಶದ ಹತ್ತಿಯ ಮೇಲಿನ ಶೇಕಡ 11ರ ಆಮದು ಸುಂಕವನ್ನು ತಾತ್ಕಾಲಿಕವಾಗಿ ತೆಗೆಯಿತು. ಬೆಳೆ ಕುಗ್ಗಿ ಅರಳೆಯ ಬೆಲೆ ಏರಿದಾಗ ಗಿರಣಿ ಮಾಲೀಕ ಮೊದಲು ಕಡಿಮೆ ಮಾಡುವುದು ತನ್ನ ಲಾಭವನ್ನಲ್ಲ, ಪಾಳಿಗಳನ್ನು. ಸುಂಕ ತೆಗೆದು ಹೊರಗಿನ ಹತ್ತಿ ತಂದಾಗ ಏಟು ಬೀಳುವುದು ಇಲ್ಲಿಯ ರೈತನಿಗೆ. ಬೀಜದಲ್ಲಿ ಆದ ತಪ್ಪಿಗೆ ಹೊಲದಲ್ಲಿ ಒಬ್ಬ, ಗಿರಣಿಯಲ್ಲಿ ಒಬ್ಬ ದಂಡ ತೆರುತ್ತಾರೆ. ಬೀಜ ಮಾರಿದವನು ಮಾತ್ರ ತೆರುವುದಿಲ್ಲ.

ಬೀಜದ ಪೊಟ್ಟಣದಲ್ಲಿ ರಾಯಧನ

ಆ ಬೀಜದ ಬೆಲೆ ಎಷ್ಟಿತ್ತು? 2006ರ ಸುಮಾರಿಗೆ 450 ಗ್ರಾಂ ಬೀಜದ ಪೊಟ್ಟಣ 1,600 ರೂಪಾಯಿ ದಾಟಿತ್ತು. ಅದರಲ್ಲಿ ದೊಡ್ಡ ಪಾಲು ಬೀಜದ ಬೆಲೆಯಲ್ಲ; ಒಳಗಿರುವ ಜೀನಿಗೆ ಕಂಪನಿ ಹಾಕಿದ ರಾಯಧನ. ಆಂಧ್ರಪ್ರದೇಶ ಸರ್ಕಾರ ಏಕಸ್ವಾಮ್ಯ ವ್ಯಾಪಾರ ವಿಚಾರಣಾ ಆಯೋಗದ ಮೆಟ್ಟಿಲೇರಿತು. ಪೊಟ್ಟಣಕ್ಕೆ 750 ರೂಪಾಯಿ ದರ ಗೊತ್ತುಮಾಡಿತು. ದರ ಅರ್ಧಕ್ಕಿಂತ ಕೆಳಗೆ ಇಳಿದರೂ ಕಂಪನಿಗಳು ಅಂಗಡಿ ಮುಚ್ಚಲಿಲ್ಲ. ಹಾಗಾದರೆ ಅದಕ್ಕೆ ಮುಂಚೆ ತೆಗೆದುಕೊಂಡ ಉಳಿದ ಹಣ ಏತರದು? ನೀವೇ ಲೆಕ್ಕ ಹಾಕಿ.

2016ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಂದೇ ಗರಿಷ್ಠ ಬೆಲೆ ಕಟ್ಟಿತು. ಪೊಟ್ಟಣಕ್ಕೆ 163 ರೂಪಾಯಿ ಇದ್ದ ರಾಯಧನ 49ಕ್ಕೆ ಇಳಿಯಿತು, 2020ರಲ್ಲಿ ಸೊನ್ನೆಯಾಯಿತು. ಇಲ್ಲಿ ಇನ್ನೊಂದು ಸಂಗತಿಯನ್ನು ನೀವು ನೆನಪಿಡಬೇಕು. 2002ರಲ್ಲಿ ಬಂದ ಮೊದಲನೆಯ ಬಿಟಿ ಜೀನಿಗೆ ಭಾರತದಲ್ಲಿ ಪೇಟೆಂಟೇ ಇರಲಿಲ್ಲ. ಆದರೂ ವರ್ಷಗಟ್ಟಲೆ ಅದರ ಹೆಸರಿನಲ್ಲಿ ರಾಯಧನ ವಸೂಲಾಯಿತು. ಕಾಯಿದೆ ಕೊಡದ ಹಕ್ಕನ್ನು ಹೈಬ್ರಿಡ್ ಬೀಜದ ಸ್ವಭಾವವೂ, ಕಂಪನಿಗಳು ತಮ್ಮೊಳಗೆ ಮಾಡಿಕೊಂಡ ಕರಾರೂ ಕೊಟ್ಟವು.

ಬಿಟಿ ಹತ್ತಿಯನ್ನು ಮರುಬಿತ್ತನೆಗೆ ಬರುವ ನೇರ ತಳಿಯಾಗಿಯೂ ಮಾಡಬಹುದಿತ್ತು. ಅಮೆರಿಕದಲ್ಲಿ, ಆಸ್ಟ್ರೇಲಿಯದಲ್ಲಿ ಬಿತ್ತುವುದು ಹೆಚ್ಚಾಗಿ ನೇರ ತಳಿಯನ್ನೇ. ನಮ್ಮಲ್ಲೂ ಅಂಥ ಒಂದು ಪ್ರಯತ್ನ ನಡೆಯಿತು. ನಾಗಪುರದ ಕೇಂದ್ರ ಹತ್ತಿ ಸಂಶೋಧನಾ ಸಂಸ್ಥೆ, ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮೊದಲಾದವು ಕೂಡಿ ಬಿಕಾನೇರಿ ನರ್ಮ ಎಂಬ ಬಿಟಿ ಹತ್ತಿಯನ್ನು ತಯಾರಿಸಿದವು. ರೈತ ಇದರ ಬೀಜವನ್ನು ಉಳಿಸಿಕೊಂಡು ಮತ್ತೆ ಬಿತ್ತಬಹುದಾಗಿತ್ತು. 2009ರಲ್ಲಿ ಬೀಜ ರೈತರ ಕೈಗೆ ಬಂತು. ಅದೇ ವರ್ಷ ನಿಂತೂ ಹೋಯಿತು. ಅದರಲ್ಲಿ ಮಾನ್ಸಾಂಟೊ ಕಂಪನಿಯ ಜೀನು ಬೆರೆತಿರುವುದು ಪತ್ತೆಯಾಗಿ, ವಿಚಾರಣಾ ಸಮಿತಿ ಕೂತಿತು. ಸಾರ್ವಜನಿಕ ಸಂಸ್ಥೆಯಲ್ಲಿ ನಡೆದದ್ದೆಂದು ಈ ಅವ್ಯವಸ್ಥೆಯನ್ನು ನಾವು ಮುಚ್ಚಿಹಾಕಬಾರದು. ಆದರೆ ಅದರ ಫಲ ಏನಾಯಿತು ನೋಡಿ. ರೈತನ ಕೈಗೆ ಬೀಜ ಮರಳಿ ಕೊಡಬಹುದಾಗಿದ್ದ ದಾರಿ ಆಗ ಮುಚ್ಚಿತು. ಕಂಪನಿಯ ಪೊಟ್ಟಣದ ದಾರಿಯೊಂದೇ ಉಳಿಯಿತು.

ಕಾಯಿದೆ ಏನು ಹೇಳುತ್ತದೆ?

ಪೇಟೆಂಟ್ ಎಂದರೆ ಹೊಸದನ್ನು ಕಂಡುಹಿಡಿದವನಿಗೆ 20 ವರ್ಷಗಳ ಏಕಸ್ವಾಮ್ಯ. ಯಂತ್ರಕ್ಕೆ ಅದು ಇರಲಿ. ಆದರೆ ಯಂತ್ರ ಮರಿ ಹಾಕುವುದಿಲ್ಲ, ಬೀಜ ಹಾಕುತ್ತದೆ. ಒಂದು ಕಾಳು ನೂರಾಗುವುದು ಪ್ರಕೃತಿಯ ಕೆಲಸ, ರೈತನ ಬೆವರಿನ ಕೆಲಸ. ಆ ನೂರರ ಮೇಲೂ ಮೊದಲ ಕಾಳು ಮಾರಿದವನಿಗೆ ಹಕ್ಕಿದೆಯೆ? ಅಮೆರಿಕದ ಸುಪ್ರೀಂ ಕೋರ್ಟು 2013ರಲ್ಲಿ ಇದೆ ಎಂದಿತು. ಇಂಡಿಯಾನಾ ಪ್ರಾಂತದ ಬೋಮನ್ ಎಂಬ ರೈತ ಧಾನ್ಯದ ಉಗ್ರಾಣದಿಂದ ಸೋಯಾ ಕಾಳು ಕೊಂಡು ಬಿತ್ತಿದ. ಅದರ ಬೆಳೆಯ ಕಾಳನ್ನೇ ಮತ್ತೆ ಬಿತ್ತಿದ. ಆತ ಮಾನ್ಸಾಂಟೊಗೆ 84 ಸಾವಿರ ಡಾಲರಿಗೂ ಹೆಚ್ಚು ಪರಿಹಾರ ತೆರಬೇಕಾಯಿತು.

ನಮ್ಮ ದೇಶದ ಕಾಯಿದೆ ಬೇರೆ. ಪೇಟೆಂಟ್ ಕಾಯಿದೆಯ 3(ಜೆ) ಕಲಮಿನ ಪ್ರಕಾರ ಗಿಡಕ್ಕಾಗಲಿ, ಪ್ರಾಣಿಗಾಗಲಿ, ಬೀಜಕ್ಕಾಗಲಿ, ತಳಿಗಾಗಲಿ ಪೇಟೆಂಟ್ ಇಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಕಲಮು, ನೋಂದಾಯಿತ ತಳಿಯ ಬೀಜವನ್ನೂ ರೈತ ಉಳಿಸಬಹುದು, ಬಿತ್ತಬಹುದು, ಮರುಬಿತ್ತಬಹುದು, ಹಂಚಬಹುದು, ಮಾರಬಹುದು ಎನ್ನುತ್ತದೆ. ಬ್ರಾಂಡಿನ ಹೆಸರು ಹಾಕಿ ಮಾರಬಾರದು, ಅಷ್ಟೆ. ಇದು ಯಾರೋ ದಯಪಾಲಿಸಿದ್ದಲ್ಲ. 1992ರ ಡಿಸೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರಾಜ್ಯ ರೈತ ಸಂಘ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿತು. 1993ರಲ್ಲಿ ಬೀಜ ಸತ್ಯಾಗ್ರಹ ಹೂಡಿತು. 1998ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆ ಕಿತ್ತು ಸುಟ್ಟಿತು. ಬೆಂಕಿಯ ದಾರಿಯನ್ನು ಒಪ್ಪದವರೂ ಒಂದನ್ನು ಒಪ್ಪಬೇಕು. ಬೀಜದ ಒಡೆತನ ಎಂಬ ಪ್ರಶ್ನೆಯನ್ನು ದೇಶದ ಮುಂದೆ ತಂದವರಲ್ಲಿ ಕರ್ನಾಟಕದ ರೈತರು ಮೊದಲಿಗರು.

ಕಾಯಿದೆ ಇದ್ದ ಮಾತ್ರಕ್ಕೆ ನಿದ್ದೆ ಮಾಡುವಂತಿಲ್ಲ. 2019ರಲ್ಲಿ ಪೆಪ್ಸಿ ಕಂಪನಿ, ತಾನು ನೋಂದಾಯಿಸಿದ ಆಲೂಗಡ್ಡೆ ತಳಿಯನ್ನು ಬೆಳೆದರೆಂದು ಗುಜರಾತಿನ ರೈತರ ಮೇಲೆ ದಾವೆ ಹೂಡಿತು. ನಾಲ್ವರು ರೈತರಿಂದ ತಲಾ ಒಂದು ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೇಳಿತು. ಕೆಲವು ಎಕರೆಯ ರೈತನಿಗೆ ಕೋಟಿಯ ನೋಟೀಸು! ದೇಶದಲ್ಲೆಲ್ಲ ಕೂಗೆದ್ದ ಮೇಲೆ ಮೇ ತಿಂಗಳಲ್ಲಿ ಕಂಪನಿ ದಾವೆ ಹಿಂತೆಗೆದುಕೊಂಡಿತು. 2021ರಲ್ಲಿ ಆ ತಳಿಯ ನೋಂದಣಿ ರದ್ದಾಯಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟು ರದ್ದತಿಯನ್ನು ತಳ್ಳಿಹಾಕಿತು. ಹತ್ತಿಯ ಜೀನಿನ ಪೇಟೆಂಟ್ ವ್ಯಾಜ್ಯವೂ ಹೀಗೆಯೆ. 2018ರಲ್ಲಿ ದೆಹಲಿ ಹೈಕೋರ್ಟು ಮಾನ್ಸಾಂಟೊದ ಎರಡನೆಯ ಬೀಜದ ಪೇಟೆಂಟ್ ಸಲ್ಲದು ಎಂದಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತೆಗೆದು ಪೂರ್ಣ ವಿಚಾರಣೆಗೆ ಕಳಿಸಿತು. ಆಮೇಲೆ ಕಂಪನಿಗಳು ತಮ್ಮಲ್ಲೇ ರಾಜಿಯಾದವು. ಬೀಜದೊಳಗಿನ ಜೀನಿನ ಒಡೆಯ ಯಾರೆಂಬ ಪ್ರಶ್ನೆಗೆ ಆ ವ್ಯಾಜ್ಯದಲ್ಲಿ ಉತ್ತರವೇ ಬರಲಿಲ್ಲ.

ಪರರ ಬೀಜದ ಮೇಲೆ ಇಷ್ಟು ಕಟ್ಟುನಿಟ್ಟಿನ ಹಕ್ಕು ಸಾಧಿಸುವವರು ನಮ್ಮ ಬೀಜ ಎತ್ತುವಾಗ ಹೇಗಿರುತ್ತಾರೆ? ಬಿಟಿ ಬದನೆಗಾಗಿ ನಮ್ಮ ನಾಡಿನ ಬದನೆ ತಳಿಗಳನ್ನು ಬಳಸಿಕೊಂಡರು. ಅವುಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. ವಾದಿರಾಜರು ಮಟ್ಟು ಗ್ರಾಮದವರಿಗೆ ಕೊಟ್ಟ ಬೀಜ ಎಂದು ಜನ ನಂಬಿರುವ ಬದನೆ ಅದು. ಜೀವವೈವಿಧ್ಯ ಕಾಯಿದೆ ಬೇಡುವ ಅನುಮತಿಯನ್ನು ಇದಕ್ಕೆ ಪಡೆದಿಲ್ಲ ಎಂದು ದೂರು ಹೋಗಿ, ವಿಷಯ ನ್ಯಾಯಾಲಯದವರೆಗೂ ಮುಟ್ಟಿತು. 2010ರ ಫೆಬ್ರವರಿ 9ರಂದು ಕೇಂದ್ರ ಮಂತ್ರಿ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. ಅದಕ್ಕೆ ಮುಂಚೆ ಅವರು ಬೆಂಗಳೂರೂ ಸೇರಿ ಏಳು ಊರುಗಳಲ್ಲಿ ಬಹಿರಂಗ ಸಭೆ ನಡೆಸಿ ಜನರ ಮಾತು ಕೇಳಿದ್ದರು. ಜನರನ್ನು ಕೇಳಿ ತೀರ್ಮಾನಿಸುವುದು ಸಾಧ್ಯ ಎಂಬುದಕ್ಕೆ ಇದೇ ಸಾಕ್ಷಿ.

ಡಬ್ಬಿಯ ಮೇಲಿನ ಎರಡು ಅಕ್ಷರ

ಇನ್ನು ಅಂಗಡಿಗೆ ಬರೋಣ. ನಮ್ಮಲ್ಲಿ ಕುಲಾಂತರಿ ಆಹಾರ ಬೆಳೆಗೆ ಸರ್ಕಾರ ಒಪ್ಪಿಗೆ ಕೊಟ್ಟಿಲ್ಲ, ಆದ್ದರಿಂದ ನಾವು ಅದನ್ನು ತಿನ್ನುತ್ತಿಲ್ಲ ಎಂದು ಎಷ್ಟೋ ಜನ ತಿಳಿದಿದ್ದಾರೆ. ದೇಶದ ಹತ್ತಿಯಲ್ಲಿ ಶೇಕಡ 90ಕ್ಕೂ ಮೇಲೆ ಬಿಟಿ ಹತ್ತಿ. ಅದರ ಕಾಳಿನ ಎಣ್ಣೆ ಮಿಠಾಯಿ ಅಂಗಡಿ, ಖಾನಾವಳಿ, ಕುರುಕಲು ತಿಂಡಿಯ ಕಾರಖಾನೆ ಎಲ್ಲೆಲ್ಲೂ ಇದೆ. ಅರ್ಜೆಂಟೀನ, ಬ್ರೆಜಿಲ್‌ಗಳಿಂದ ಹಡಗು ತುಂಬ ಬರುವ ಸೋಯಾ ಎಣ್ಣೆಯೂ ಹೆಚ್ಚಾಗಿ ಕುಲಾಂತರಿ ಸೋಯಾದ್ದೆ. 2021ರಲ್ಲಿ ಕೋಳಿ ಆಹಾರಕ್ಕೆಂದು 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಲು ಸರ್ಕಾರವೇ ಅನುಮತಿ ಕೊಟ್ಟಿತು. 2018ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಅಂಗಡಿಗಳಿಂದ 65 ಆಹಾರ ಪದಾರ್ಥ ಕೊಂಡು ಪರೀಕ್ಷಿಸಿದಾಗ ಶೇಕಡ 32ರಲ್ಲಿ ಕುಲಾಂತರಿ ಅಂಶ ಸಿಕ್ಕಿತು.

ತಿಂದವರು ಸಾಯುತ್ತಾರೆಂದು ನಾನು ಹೆದರಿಸುತ್ತಿಲ್ಲ. ಪರೀಕ್ಷೆ ದಾಟಿ ಮಾರುಕಟ್ಟೆಗೆ ಬಂದ ಕುಲಾಂತರಿ ಆಹಾರದಿಂದ ಜನರ ಆರೋಗ್ಯ ಕೆಟ್ಟದ್ದು ಕಂಡುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚೆನ್ನಾಗಿ ಶುದ್ಧ ಮಾಡಿದ ಎಣ್ಣೆಯಲ್ಲಿ ಆ ಜೀನಿನ ಅಂಶ ಬಹು ಕಡಿಮೆ ಉಳಿಯುತ್ತದೆ ಎಂಬುದೂ ನಿಜ. ಆದರೆ ಅಪಾಯವಿಲ್ಲ ಎಂಬುದು ಮುಚ್ಚಿಡಲು ಕಾರಣವಾಗದು. ಕಡಲೆ ಎಣ್ಣೆಗೆ ತಾಳೆ ಎಣ್ಣೆ ಬೆರೆಸಿ ಹೇಳದೆ ಮಾರಿದರೆ ನಾವು ಅದನ್ನು ಮೋಸ ಎನ್ನುತ್ತೇವೆ. ತಾಳೆ ಎಣ್ಣೆ ವಿಷ ಎಂದಲ್ಲ, ಹೇಳಲಿಲ್ಲ ಎಂದು. ಹಣ ಕೊಟ್ಟು ಕೊಳ್ಳುವವನಿಗೆ ಬೇಕು ಬೇಡ ಎನ್ನುವ ಅಧಿಕಾರ ಇರಬೇಕು. ತಿಳಿಸದೆ ಮಾರುವುದು ಆ ಅಧಿಕಾರವನ್ನು ಕಸಿಯುವುದೇ ಸರಿ.

ಯುರೋಪಿನಲ್ಲಿ ಯಾವುದೇ ಪದಾರ್ಥದಲ್ಲಿ ಶೇಕಡ 0.9ಕ್ಕಿಂತ ಹೆಚ್ಚು ಕುಲಾಂತರಿ ಅಂಶ ಇದ್ದರೆ ಲೇಬಲ್ಲಿನ ಮೇಲೆ ಬರೆಯಲೇಬೇಕು. ಕುಲಾಂತರಿಯ ತವರಾದ ಅಮೆರಿಕದಲ್ಲೂ 2022ರ ಜನವರಿ 1ರಿಂದ ತಿಳಿಸುವುದು ಕಡ್ಡಾಯವಾಯಿತು. ನಮ್ಮಲ್ಲಿ 2013ರ ಜನವರಿ 1ರಿಂದಲೇ ಪೊಟ್ಟಣದ ಮೇಲೆ ‘ಜಿಎಂ’ ಎಂಬ ಎರಡಕ್ಷರ ಇರಬೇಕೆಂಬ ನಿಯಮ ಬಂತು. ಆದರೂ ದೆಹಲಿಯವರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಪದಾರ್ಥಗಳಲ್ಲಿ ಹೆಚ್ಚಿನವು ಈ ವಿಷಯವನ್ನು ತಿಳಿಸಿರಲಿಲ್ಲ. 2024ರ ಜುಲೈ 23ರಂದು ಕುಲಾಂತರಿ ಸಾಸಿವೆಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆದರೆ ಎಲ್ಲರ ಅಭಿಪ್ರಾಯ ಪಡೆದು ರಾಷ್ಟ್ರೀಯ ನೀತಿ ರೂಪಿಸಬೇಕು, ಆಮದಾಗುವ ಕುಲಾಂತರಿ ಎಣ್ಣೆಗೆ ಲೇಬಲ್ಲಿನ ಕಾಯಿದೆ ಪಾಲಿಸಬೇಕು ಎಂಬುದರಲ್ಲಿ ಇಬ್ಬರಿಗೂ ಭೇದವಿರಲಿಲ್ಲ.

ಇಲ್ಲಿ ಅಂಗಡಿಕಾರ ಬಂಧುಗಳಿಗೆ ಒಂದು ಮಾತು. ಲೇಬಲ್ ಎಂದರೆ ಇನ್‌ಸ್ಪೆಕ್ಟರ, ಇನ್‌ಸ್ಪೆಕ್ಟರ ಎಂದರೆ ದಂಡ ಎಂದು ನಿಮಗೆ ಅಂಜಿಕೆ ಇದೆ. ಅಂಜಿಕೆಗೆ ಕಾರಣವೂ ಇದೆ. ತಪ್ಪು ಲೇಬಲ್ಲಿನ ಆಹಾರಕ್ಕೆ 2006ರ ಆಹಾರ ಸುರಕ್ಷತಾ ಕಾಯಿದೆ ಮೂರು ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ತಯಾರಿಸಿದವನ ಜೊತೆಗೆ ಮಾರಿದವನೂ ಅದರ ಬಲೆಗೆ ಬೀಳಬಹುದು. ಮೊಹರು ಹಾಕಿದ ಡಬ್ಬಿಯಲ್ಲಿ ಯಾವ ಜೀನು ಇದೆಯೆಂದು ಮೂಲೆಯ ಅಂಗಡಿಯವನು ಹೇಗೆ ಬಲ್ಲ? ಆದ್ದರಿಂದ ಲೇಬಲ್ಲೇ ಬೇಡ ಎನ್ನುವುದು ನಿಮ್ಮ ಹಿತವಲ್ಲ. ಹಡಗಿನಲ್ಲಿ ತರುವವನು, ಎಣ್ಣೆ ತೆಗೆಯುವವನು, ಡಬ್ಬಿ ತುಂಬುವವನು ಬರೆಯಬೇಕು. ಬರೆಯದಿದ್ದರೆ ಅವನೇ ದಂಡ ತೆರಬೇಕು. ಬಿಲ್ಲು ಇಟ್ಟುಕೊಂಡು ಪ್ರಾಮಾಣಿಕವಾಗಿ ಮಾರಿದ ಚಿಲ್ಲರೆ ವರ್ತಕನನ್ನು ಪೀಡಿಸಬಾರದು. ಇದು ನಿಮ್ಮ ಬೇಡಿಕೆಯಾಗಬೇಕು. ಆಗ ಗಿರಾಕಿ ಮತ್ತು ವರ್ತಕ ಒಂದೇ ಕಡೆ ನಿಲ್ಲುತ್ತಾರೆ.

ನಮಗೆ ಬೇಕಾದದ್ದೇನು?

ಲೋಕದ ಬೀಜ ವ್ಯಾಪಾರದ ಸುಮಾರು ಅರ್ಧ ನಾಲ್ಕೇ ಕಂಪನಿಗಳ ಕೈಯಲ್ಲಿದೆ. ಮಾನ್ಸಾಂಟೊ ಎಂಬ ಹೆಸರು 2018ರಲ್ಲಿ ಮಾಯವಾಯಿತು. ಜರ್ಮನಿಯ ಬೇಯರ್ ಅದನ್ನು ಕೊಂಡಿತು. ಬೀಜ ಮಾರುವವನೂ ಔಷಧಿ ಮಾರುವವನೂ ಒಬ್ಬನೇ ಆದ. ಬೀಜ ಸೋತರೆ ಅವನ ಔಷಧಿ ಗೆಲ್ಲುತ್ತದೆ. ಇಂಥವರ ಮುಂದೆ ಒಬ್ಬೊಬ್ಬ ರೈತ, ಒಬ್ಬೊಬ್ಬ ಗಿರಾಕಿ ಏನೂ ಅಲ್ಲ. ಕೂಡಿ ನಿಂತಾಗ ಏನಾಗುತ್ತದೆ ಎಂಬುದನ್ನು 2006ರ ಬೀಜದ ದರವೂ, 2019ರ ಆಲೂಗಡ್ಡೆ ದಾವೆಯೂ ತೋರಿಸಿವೆ.

ನಾವು ಕೇಳುವುದು ನಾಲ್ಕು. ಒಂದು, ವ್ಯಾಪಾರ ಒಪ್ಪಂದದ ನೆಪದಲ್ಲಿ ಪೇಟೆಂಟ್ ಕಾಯಿದೆಯ 3(ಜೆ) ಕಲಮನ್ನಾಗಲಿ, ರೈತರ ಹಕ್ಕಿನ 39ನೆಯ ಕಲಮನ್ನಾಗಲಿ ಯಾವ ಸರ್ಕಾರವೂ ಮುಟ್ಟಬಾರದು. ಎರಡು, ಧಾರವಾಡ, ರಾಯಚೂರುಗಳ ಕೃಷಿ ವಿಶ್ವವಿದ್ಯಾಲಯಗಳಿಗೆ ಹಣ ಕೊಟ್ಟು, ರೈತ ಮರುಬಿತ್ತಬಹುದಾದ ತಳಿಗಳನ್ನು ಸಾರ್ವಜನಿಕವಾಗಿ ತಯಾರಿಸಬೇಕು. ಅವು ಕುಲಾಂತರಿ ಆಗಿರಲಿ, ಅಲ್ಲದಿರಲಿ, ಪರೀಕ್ಷೆಯ ಫಲಿತಾಂಶ ಜನರ ಮುಂದಿರಬೇಕು. ಮೂರು, ಬೀಜ ಸೋತರೆ ಅದನ್ನು ಮಾರಿದ ಕಂಪನಿ ನಷ್ಟ ತುಂಬಬೇಕು. ನಾಲ್ಕು, ಡಬ್ಬಿಯ ಮೇಲೆ ಸತ್ಯ ಬರೆಯಬೇಕು, ಕನ್ನಡದಲ್ಲಿ ಬರೆಯಬೇಕು.

ಗೆಳೆಯರೆ, ಉಳುವವನೇ ಹೊಲದೊಡೆಯ ಎಂದು ಈ ನಾಡಿನ ಗೇಣಿದಾರರು ಕೂಗಿದಾಗ ಅದನ್ನು ಹುಚ್ಚು ಎಂದವರಿದ್ದರು. ಕಡೆಗೆ ಅದು ಕಾಯಿದೆಯಾಯಿತು. ಹೊಲ ಸಿಕ್ಕವನ ಕೈಯಿಂದ ಬೀಜ ಜಾರಿದರೆ ಅವನು ಮತ್ತೆ ಗೇಣಿದಾರನೇ. ಧಣಿ ಮಾತ್ರ ಊರ ಗೌಡನ ಬದಲು ಕಡಲಾಚೆಯ ಕಂಪನಿ. ಆ ಗೇಣಿಯ ಒಂದು ಪಾಲು ನಿಮ್ಮ ಗಿರಣಿಯ ಪಾಳಿಯಲ್ಲಿ, ಇನ್ನೊಂದು ಪಾಲು ನಿಮ್ಮ ಅಂಗಡಿಯ ಎಣ್ಣೆ ಡಬ್ಬಿಯಲ್ಲಿ ಸಂದಾಯವಾಗುತ್ತದೆ. ಈ ವಾರ ಅಂಗಡಿಯಲ್ಲಿ ಎಣ್ಣೆ ಕೊಳ್ಳುವಾಗ ಡಬ್ಬಿ ತಿರುಗಿಸಿ ನೋಡಿ, ಇದು ಯಾವ ಕಾಳಿನ ಎಣ್ಣೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಅಂಗಡಿಯವನ ಮೇಲೆ ರೇಗಬೇಡಿ. ಅವನನ್ನೂ ಕರೆದುಕೊಂಡು ಮುಂದಿನ ಸಭೆಗೆ ಬನ್ನಿ.